ತೇರಣಾ ತೀರದಲ್ಲಿ ಹತ್ತು ದಿನಗಳು

ಕಾಯಕ, ದಾಸೋಹ ಎಂಬ ಎರಡು ಶಬ್ದಗಳು ನಮ್ಮ ಮನೆಗಳ ಮಕ್ಕಳಿಗೆ ತೊಟ್ಟಿಲಿನಿಂದಲೇ ಕಿವಿಗೆ ಬೀಳುವಂಥವು. ಕೇಳಿ ಕೇಳಿ ರೂಢಿಯಾದುದರಿಂದ ಅವುಗಳ ಅರ್ಥವು ನಮಗೆ ಪೂರ್ಣ ತಿಳಿದಿದೆಯೆಂದೇ ನಾವು ಭಾವಿಸಿರುತ್ತೇವೆ. ಅಧ್ಯಾಪಕ ವೃತ್ತಿಯಲ್ಲಿ ಇದ್ದು, ವೇದಿಕೆಗಳ ಮೇಲೆ ಇವೇ ಶಬ್ದಗಳನ್ನು ಕುರಿತು ಹಲವಾರು ಸಲ ಮಾತನಾಡಿದ್ದ ನಮಗೂ ಅದೇ ಭಾವನೆಯಿತ್ತು. ಆ ಭಾವನೆಯು ತೇರಣಾ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಕಳಚಿಬಿದ್ದ ಪ್ರಸಂಗವನ್ನು ವಾಚಕರೆದುರು ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

1993ನೆಯ ಇಸವಿಯ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ಮಹಾರಾಷ್ಟ್ರದ ಹಳ್ಳಿಹಳ್ಳಿಗಳಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು, ತಡರಾತ್ರಿಯವರೆಗೆ ಮೆರವಣಿಗೆಯಲ್ಲಿ ಕುಣಿದು ದಣಿದ ಜನರು ಮನೆಗೆ ಬಂದು ಮಲಗಿದ್ದರು. ಮರುದಿನ ಗುರುವಾರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿ ಗ್ರಾಮದ ಪರಿಸರದಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 6.2. ಕೆಲವೇ ಕ್ಷಣಗಳಲ್ಲಿ ಕಿಲ್ಲಾರಿ, ತಳಣಿ, ಮಂಗರೂಳ, ಸಾಸ್ತೂರ, ಹೋಳಿ, ಪೇಠ ಸಾಂಗವಿ ಮೊದಲಾದ ಊರುಗಳು ಕಲ್ಲುಗುಡ್ಡೆಗಳಾದವು. ಮಡಿದವರ ಸಂಖ್ಯೆ ಸುಮಾರು 8,000ವೆಂದು ಕೆಲವು ವರದಿಗಳೂ 10,000ದ ಸಮೀಪವೆಂದು ಮತ್ತೆ ಕೆಲವು ವರದಿಗಳೂ ಹೇಳುತ್ತವೆ. ಆ ಬೆಳಗಿನ ಜಾವ ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಪಾತ್ರೆಗಳು ಅಲುಗಾಡಿ, ಜನರು ಗಾಬರಿಯಿಂದ ಮನೆಯ ಹೊರಗೆ ಓಡಿಬಂದುದು ಅಂದಿನ ಪೀಳಿಗೆಯವರಿಗೆ ಇನ್ನೂ ನೆನಪಿರಬಹುದು.

ಈ ಸೀಮೆಯು ನಮಗೆ ಪರನಾಡೇನೂ ಆಗಿರಲಿಲ್ಲ. 1956ರವರೆಗೆ ಉಸ್ಮಾನಾಬಾದ್, ಬೀದರ, ಗುಲಬರ್ಗಾ ಜಿಲ್ಲೆಗಳು ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಲಾತೂರ್ ಪ್ರತ್ಯೇಕ ಜಿಲ್ಲೆಯಾದದ್ದು 1982ರಲ್ಲಿ. ಅಲ್ಲಿಯ ಮಾತು ಮರಾಠಿಯಾದರೂ ಲಿಂಗಾಯತ ಮನೆತನಗಳು ಅಲ್ಲಿ ಬಹಳ. ಬಸವಕಲ್ಯಾಣದ ಯಾತ್ರೆಗೆ ಅವರು ಬರುವರು. ಆಳಂದ, ಬಸವಕಲ್ಯಾಣ ಸೀಮೆಯ ಹೆಣ್ಣುಮಕ್ಕಳು ಅಲ್ಲಿಗೆ ಸೊಸೆಯಂದಿರಾಗಿ ಹೋಗುವರು. ಆದುದರಿಂದ ಪತ್ರಿಕೆಗಳಲ್ಲಿ ಸತ್ತವರ ಲೆಕ್ಕ ಬರತೊಡಗಿದಾಗ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಮೂರನೆಯ ದಿನವೇ ಹೊರಡಬೇಕೆಂದು ಹಟ ಹಿಡಿದರು. ಆದರೆ ಆ ದಿನಗಳಲ್ಲಿ ಮಳೆ ಜಡಿಯುತ್ತಿತ್ತು. ಸೈನಿಕರು ಶವಗಳನ್ನು ತೆಗೆಯುವ ಕಾರ್ಯದಲ್ಲಿ ತೊಡಗಿದ್ದರು. ನೋಡಲು ಬಂದವರ ವಾಹನಗಳಿಂದಲೇ ರಸ್ತೆಗಳು ಕಟ್ಟಿಹೋಗಿದ್ದವು. ಹಿರಿಯರ ಸಲಹೆಯಂತೆ ನಾವು ಕಾದೆವು. ಆ ಅವಧಿಯಲ್ಲಿ ವಿದ್ಯಾರ್ಥಿನಿಯರು ಮನೆಮನೆಗೆ ತೆರಳಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಹಿಟ್ಟು ಹಾಗೂ ರಾಶಿ ರಾಶಿ ಹಳೆಯ ಬಟ್ಟೆಗಳನ್ನು ಕೂಡಿಹಾಕಿದರು. ಅಕ್ಟೋಬರ್ 12, ಮಂಗಳವಾರ, ಮೂವತ್ತೆರಡು ಜನ ವಿದ್ಯಾರ್ಥಿಗಳೊಡನೆ ನಾವು ಒಂದು ಲಾರಿ, ಒಂದು ಬಸ್ಸಿನಲ್ಲಿ ಕಲಬುರಗಿಯಿಂದ ಹೊರಟೆವು. ತಾವೂ ಬರುತ್ತೇವೆಂದ ವಿದ್ಯಾರ್ಥಿನಿಯರನ್ನು ಅವರ ಮನೆಯ ಹಿರಿಯರು ಕಳುಹಿಸಲಿಲ್ಲ.

ಆಳಂದ ದಾಟಿ ಖಜೂರಿಯ ಮಾರ್ಗವಾಗಿ ಉಮರ್ಗಾ ಸೇರುವವರೆಗೆ ಹುಡುಗರು ಹಾಡುತ್ತಿದ್ದರು. ಎರಡೂ ಬದಿಗೆ ಎರೆಭೂಮಿ. ತೊಗರಿ ಹುಲುಸಾಗಿ ಬೆಳೆದು ನಿಂತಿತ್ತು. ಉಮರ್ಗಾದಲ್ಲಿ ದೊಡ್ಡ ರಸ್ತೆಯನ್ನು ಬಿಟ್ಟು ಕಿಲ್ಲಾರಿಯ ಕಡೆಗೆ ತಿರುಗಿದ ಮೇಲೆ ಹಾಡು ನಿಂತಿತು. ರಸ್ತೆಯ ಅಂಚಿನ ಮುಳ್ಳುಕಂಟಿಗಳ ಮೇಲೆ, ಕೆಸರಿನಲ್ಲಿ, ಎಲ್ಲೆಂದರಲ್ಲಿ ಹಳೆಯ ಬಟ್ಟೆಗಳು ಬಿದ್ದಿದ್ದವು. ದೂರದ ಪಟ್ಟಣಗಳಿಂದ ಬಂದ ದಾನದ ಗಂಟುಗಳು ಅವು. ಅಂಥದೇ ಗಂಟುಗಳು ನಮ್ಮ ಲಾರಿಯಲ್ಲಿಯೂ ಇದ್ದವಷ್ಟೆ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಯಾರೂ ಮಾತನಾಡಲಿಲ್ಲ.

ನಮಗೆ ಸೂಚಿಸಲಾಗಿದ್ದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನದಿಯ ದಂಡೆಯ ಸಣ್ಣ ಗ್ರಾಮ. ಓಣಿಗಳು ಎಲ್ಲಿದ್ದವೆಂಬುದೂ ಗುರುತು ಸಿಗದಂತೆ ಕಪ್ಪುಕಲ್ಲುಗಳ ದಿಬ್ಬಗಳು. ಆ ಸೀಮೆಯ ಮನೆಗಳ ರಚನೆಯನ್ನು ಬಲ್ಲವರಿಗೆ ಈ ವಿನಾಶದ ಕಾರಣವು ಸ್ಪಷ್ಟವಾಗುತ್ತದೆ. ಎರಡರಿಂದ ನಾಲ್ಕು ಅಡಿ ದಪ್ಪದ ಗೋಡೆ. ಹೊರಗೊಂದು, ಒಳಗೊಂದು ಕಲ್ಲಿನ ಪದರ. ನಡುವೆ ಸಣ್ಣ ಕಲ್ಲು, ಮಣ್ಣು. ಎರಡೂ ಪದರಗಳನ್ನು ಬೆಸೆಯುವ ಉದ್ದನೆಯ ಕಲ್ಲುಗಳು ಇಲ್ಲ. ಮೇಲೆ ಮರದ ತೊಲೆ, ಹಲಗೆ. ಅದರ ಮೇಲೆ ಒಂದರಿಂದ ಎರಡು ಅಡಿ ಮಣ್ಣಿನ ಹೊದಿಕೆ. ಮಳೆಗಾಲದಲ್ಲಿ ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಏರಿಸುವುದು ರೂಢಿ. ಬೇಸಗೆಯಲ್ಲಿ ತಂಪು, ಕಳ್ಳಕಾಕರ ಭಯವಿಲ್ಲ ಎಂದು ತಲೆಮಾರುಗಳಿಂದ ನಂಬಿದ್ದ ಮನೆ. ಭೂಮಿ ಅಲುಗಿದೊಡನೆ ಗೋಡೆಯ ಪದರಗಳು ಬಿಚ್ಚಿಕೊಂಡವು. ಮಣ್ಣಿನ ಮಾಳಿಗೆ ಮಲಗಿದವರ ಮೇಲೆಯೇ ಕುಸಿಯಿತು. ಊರ ಹೊರಗಿನ ಬಡವರ ಹುಲ್ಲುಗುಡಿಸಲು, ತಗಡಿನ ಮನೆಗಳಲ್ಲಿ ಇದ್ದವರು ಹೆಚ್ಚಾಗಿ ಉಳಿದರು. ಭದ್ರವೆಂದು ಭಾವಿಸಿದ್ದೇ ಮೃತ್ಯುವಾಯಿತು. ಅಭದ್ರವೆಂದು ಕನಿಕರಿಸಿದ್ದೇ ಕಾಪಾಡಿತು.

ಮೊದಲನೆಯ ದಿನ ನಾವು ಮಾಡಿದ ತಪ್ಪನ್ನು ಮುಚ್ಚಿಡುವುದು ಉಚಿತವಲ್ಲ. ಶಿಸ್ತು ಇರಲೆಂದು ತಾತ್ಕಾಲಿಕ ಶೆಡ್ಡುಗಳ ಎದುರಿಗೆ ಜನರನ್ನು ಸಾಲಾಗಿ ನಿಲ್ಲಿಸಿದೆವು. ಒಬ್ಬೊಬ್ಬರ ಕೈಗೂ ರೊಟ್ಟಿ, ಹಿಂಡಿ, ಒಂದು ಜೊತೆ ಬಟ್ಟೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬೇಕೆಂದು ಒಬ್ಬ ವಿದ್ಯಾರ್ಥಿಗೆ ಕ್ಯಾಮರಾ ಕೊಟ್ಟು ಛಾಯಾಚಿತ್ರ ತೆಗೆಯಲು ಹೇಳಿದವರೂ ನಾವೇ. ಕ್ಯಾಮರಾ ಎತ್ತುತ್ತಲೇ ಸಾಲಿನಲ್ಲಿದ್ದ ಒಬ್ಬ ಹಿರಿಯರು ತಮ್ಮ ರುಮಾಲಿನ ಚುಂಗಿನಿಂದ ಮುಖವನ್ನು ಮರೆಮಾಡಿಕೊಂಡು, ಏನನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಅಲ್ಲಿಯೇ ಕಲ್ಲಿನ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಶುದ್ಧ ನಮ್ಮ ಸೀಮೆಯ ಕನ್ನಡದಲ್ಲಿ ಹೇಳಿದರು: "ಮಾಸ್ತರ್ರ, ಅವರು ಇಪ್ಪತ್ತು ಎಕರೆ ಒಕ್ಕಲುತನದವರು. ಅವರ ಅಂಗಳದಾಗ ಜಂಗಮರು, ದಾರಿಹೋಕರು ಉಂಡು ಹೋಗ್ಯಾರ. ಅವರಿಗಿ ಕೈ ಒಡ್ಡಿ ರೂಢಿ ಇಲ್ರಿ."

ನಮ್ಮ ಮುಖ ಸಣ್ಣದಾಯಿತು. ಕ್ಯಾಮರಾವನ್ನು ಚೀಲದಲ್ಲಿ ಇರಿಸಿದೆವು. ಆ ಹತ್ತು ದಿನಗಳಲ್ಲಿ ಮತ್ತೆ ಅದನ್ನು ಹೊರತೆಗೆಯಲಿಲ್ಲ. ಆ ತಾಯಿಯ ತವರು ಆಳಂದದ ಕಡೆಯದು. ಮಗ, ಸೊಸೆ ಇಬ್ಬರೂ ಮನೆಯೊಳಗೆ ತೀರಿಹೋಗಿದ್ದರು. ಮುಂಭಾಗದಲ್ಲಿ ಕಟ್ಟಿದ್ದ ಎತ್ತುಗಳೂ ಉಳಿದಿರಲಿಲ್ಲ. ಅಂದು ರಾತ್ರಿ ಹೊಲದ ಗುಡಿಸಲಿನಲ್ಲಿ ಮಲಗಿದ್ದ ತಾನು ಮತ್ತು ಹತ್ತು ವರ್ಷದ ಮೊಮ್ಮಗ ಇಬ್ಬರೇ ಆ ಮನೆತನದಲ್ಲಿ ಉಳಿದವರು.

"ಹಾಗಾದರೆ ನಾವು ಏನು ಮಾಡಬೇಕು, ಹೇಳಿರಿ ತಾಯಿ" ಎಂದು ಕೇಳಿದೆವು. ಊರಿಗೆ ಬಂದು ಅರ್ಧ ದಿನ ಕಳೆದ ಮೇಲೆ, ಆ ಪ್ರಶ್ನೆಯನ್ನು ನಾವು ಕೇಳಿದ್ದು ಅದೇ ಮೊದಲು.

"ಹೊಲಾ ಬಿತ್ತಿಕೊಡ್ರಿ ಯಪ್ಪಾ. ಉತ್ತರಿ ಮಳಿ ಹೋತು, ಹಸ್ತಾ ಹೋತು. ಮಣ್ಣಾಗಿನ ಹಸಿ ಆರಿತಂದ್ರ ಮುಂದಿನ ವರ್ಷದ ತನಕ ಈ ಹುಡುಗನ ಕೈಯಾಗ ಒಂದು ಕಾಳು ಇರಂಗಿಲ್ಲ" ಎಂದರು ಅವರು.

ಹಿಂಗಾರಿ ಜೋಳದ ಬಿತ್ತನೆಯ ಕಾಲ ಮೀರುತ್ತಿತ್ತು. ಸರಕಾರವು ತಗಡು ಕೊಡುತ್ತಿತ್ತು, ಸಂಘಸಂಸ್ಥೆಗಳು ಅನ್ನ ಕೊಡುತ್ತಿದ್ದವು, ವೈದ್ಯರು ಔಷಧ ಕೊಡುತ್ತಿದ್ದರು. ಆದರೆ ನೆಲದ ಹಸಿ ಯಾರಿಗಾಗಿಯೂ ಕಾಯುವುದಿಲ್ಲವೆಂಬ ಮಾತು ನಮ್ಮ ಯೋಜನೆಯ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅಫಜಲಪುರದ ಕಡೆಯ ರೈತನ ಮಗನೊಬ್ಬ ಮೆಲ್ಲಗೆ, "ಸರ್, ಇದು ನಮಗೆ ಬರುವ ಕೆಲಸ" ಎಂದನು. ಕೈಯೆತ್ತಿರೆಂದಾಗ ಮೂವತ್ತೆರಡರಲ್ಲಿ ಇಪ್ಪತ್ತಾರು ಜನ ಒಕ್ಕಲು ಮಕ್ಕಳೇ. ಕಾಲೇಜಿನಲ್ಲಿ ಆ ಮಾತನ್ನು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದ ಹುಡುಗರು ಅಂದು ತಲೆಯೆತ್ತಿ ಹೇಳಿದರು.

ಬೀಜವು ಮನೆಯೊಳಗೆ ಗಡಿಗೆಯಲ್ಲಿ ಇತ್ತೆಂದು ಆ ತಾಯಿ ಹೇಳಿದರು. ಮನೆಯೆಂದರೆ ಆಳೆತ್ತರದ ಕಲ್ಲಿನ ಗುಡ್ಡೆ. ಎರಡು ದಿನ ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ಸಾಗಿಸಿದರು. ಯಂತ್ರ ತರಿಸಿದ್ದರೆ ಒಂದು ಗಂಟೆಯ ಕೆಲಸ; ಆದರೆ ಪ್ರತಿಯೊಂದು ಕಲ್ಲಿನ ಕೆಳಗೆ ಏನಿದೆಯೆಂದು ನೋಡಿ ಎತ್ತಬೇಕೆಂಬುದು ಮನೆಯವರ ಆಶೆ. ಹಿತ್ತಾಳೆಯ ತಂಬಿಗೆ ಸಿಕ್ಕಿತು. ಮೊಮ್ಮಗನ ಪಾಟಿ ಸಿಕ್ಕಿತು. ಸೊಸೆಯ ಬಳೆಯ ಚೂರು ಸಿಕ್ಕಾಗ ಆ ಬಾಲಕನು ಅದನ್ನು ಯಾರಿಗೂ ಕೊಡದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡನು. ಎರಡನೆಯ ದಿನ ಸಂಜೆ ಗಡಿಗೆಗಳು ಕಂಡವು. ಒಂದು ಒಡೆದು, ಕಾಳು ಮಳೆನೀರಿಗೆ ಮೊಳೆತು ಕೊಳೆತಿತ್ತು. ಸೆಗಣಿ ಮಣ್ಣಿನಿಂದ ಬಾಯಿ ಮೆತ್ತಿದ್ದ ಇನ್ನೊಂದು ಗಡಿಗೆ ಹಾಗೆಯೇ ಇತ್ತು. ಬೂದಿ, ಬೇವಿನೆಲೆಗಳ ನಡುವೆ ಬಿಳಿಜೋಳ ಮುತ್ತಿನಂತೆ ಹೊಳೆಯಿತು. ಅದನ್ನು ಮೆತ್ತಿ ಇಟ್ಟಿದ್ದು ಸೊಸೆಯ ಕೈ ಎಂದು ಹೇಳಿ ಆ ತಾಯಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತರು.

ಆ ರಾತ್ರಿ ಅವರು ನಮ್ಮನ್ನು ಕೇಳಿದ ಪ್ರಶ್ನೆಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಸಾವಿರಾರು ಶವಗಳು, ಎಡೆಬಿಡದ ಮಳೆ, ರೋಗ ಹರಡುವ ಭೀತಿ. ಹೀಗಾಗಿ ಆ ದಿನಗಳಲ್ಲಿ ಸಾಮೂಹಿಕ ದಹನ ಮಾಡಲಾಗಿತ್ತು. ಸಮಾಧಿಕ್ರಿಯೆಯ ಆಚರಣೆಯುಳ್ಳ ಮನೆತನಗಳವರಿಗೂ ಅಂದು ಬೇರೆ ದಾರಿಯಿರಲಿಲ್ಲ. "ಮಾಸ್ತರ್ರ, ಮಣ್ಣಿಗಿ ಹೋಗಬೇಕಾದವ ಬೆಂಕಿಗಿ ಹೋದ. ಇದಕ್ಕೇನರ ದೋಷ ಅದ ಏನ್ರಿ?" ಎಂದು ಅವರು ಕೇಳಿದರು. ತತ್ತ್ವದ ಮಾತುಗಳು ನಮಗೆ ಬಹಳ ಗೊತ್ತಿದ್ದವು. ಒಂದೂ ನಾಲಗೆಯ ಮೇಲೆ ಬರಲಿಲ್ಲ. ದೋಷವಿಲ್ಲವೆಂದು ಹೇಳಿದೆವಾದರೂ ಆ ಮಾತಿಗೆ ತೂಕವಿಲ್ಲವೆಂಬುದು ನಮಗೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಅವರೇ ಗಡಿಗೆಯ ಮೇಲೆ ಕೈಯಿರಿಸಿ, "ಇರಲಿ, ಇದರ ಮಣ್ಣಿಗಿ ಹೋಗಲಿ" ಎಂದರು.

ಹಾನಿ ಕಡಿಮೆಯಾಗಿದ್ದ ನೆರೆಯ ಊರಿನವರು ಎತ್ತು, ಕೂರಿಗೆಗಳನ್ನು ಕೊಟ್ಟರು. ಉಳಿದ ಮನೆಗಳಿಗಾಗಿ ಹುಡುಗರು ತಮ್ಮ ಕೈಖರ್ಚಿನ ದುಡ್ಡನ್ನು ಒಟ್ಟುಗೂಡಿಸಿ ಉಮರ್ಗಾದಿಂದ ಬೀಜ ತಂದರು. ಆ ತಾಯಿ ಉಡಿಯಲ್ಲಿ ಕಾಳು ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಡುತ್ತಿದ್ದರು. ಅಫಜಲಪುರದ ಹುಡುಗ ಎತ್ತು ಹೊಡೆಯುತ್ತಿದ್ದನು. ಬಾಲಕನು ಮುಂದೆ ಓಡುತ್ತ ಹೆಂಟೆ ಒಡೆಯುತ್ತಿದ್ದನು. ಕೃಷಿಯ ಗಂಧವಿಲ್ಲದ ಪಟ್ಟಣದ ಆರು ಹುಡುಗರು ನೀರು ಹೊತ್ತರು, ಅಡಿಗೆ ಮಾಡಿದರು, ಶೆಡ್ಡುಗಳ ಸುತ್ತ ಮಳೆನೀರು ಹರಿದುಹೋಗಲು ಕಾಲುವೆ ತೋಡಿದರು. ಎಂಟು ದಿನಗಳಲ್ಲಿ ಹದಿನೇಳು ಮನೆಗಳ ಹೊಲ ಬಿತ್ತಿ ಮುಗಿಯಿತು. ಮೊದಲ ದಿನ ಮುಖ ಮುಚ್ಚಿಕೊಂಡು ಹೋದ ಆ ಹಿರಿಯರೂ ನಾಲ್ಕನೆಯ ದಿನ ಹೊಲದ ಬದುವಿನ ಮೇಲೆ ಬಂದು ನಿಂತರು. ಕೂರಿಗೆ ಹಿಡಿದವನ ಸಾಲು ಸೊಟ್ಟಾಗುತ್ತಿದೆಯೆಂದು ಮರಾಠಿಯಲ್ಲಿ ಗದರಿದರು; ಅನಂತರ ತಾವೇ ಕೂರಿಗೆ ಹಿಡಿದರು. ಅವರು ನಮ್ಮನ್ನು ಕ್ಷಮಿಸಿದರೆಂಬುದನ್ನು ನಾವು ಆ ಗದರಿಕೆಯಿಂದಲೇ ಅರಿತೆವು.

ರಾತ್ರಿಗಳು ಕಠಿಣವಾಗಿದ್ದವು. ಸಣ್ಣ ಸಣ್ಣ ಕಂಪನಗಳು ಇನ್ನೂ ನಿಂತಿರಲಿಲ್ಲ. ಒಮ್ಮೊಮ್ಮೆ ನೆಲದೊಳಗಿನಿಂದ ಗುಡುಗಿನಂಥ ಸದ್ದು ಬರುತ್ತಿತ್ತು. ಕೂಡಲೇ ಇಡೀ ಶಿಬಿರದ ಮಕ್ಕಳು ಚೀರುತ್ತಿದ್ದರು. ನಮ್ಮ ಹುಡುಗರು ಅವರನ್ನು ಬಯಲಿಗೆ ಕರೆತಂದು, ಬೆಂಕಿ ಹಾಕಿ, ಕಥೆ ಹೇಳುತ್ತ ಬೆಳಗು ಮಾಡುತ್ತಿದ್ದರು. ಮರಾಠಿ ಬಾರದವರು ಕೈಸನ್ನೆಯಿಂದಲೇ ನಗಿಸುತ್ತಿದ್ದರು. ಹಿಂದಿರುಗುವ ದಿನ ನಮ್ಮ ಲಾರಿಯಲ್ಲಿ ಬಟ್ಟೆಯ ಗಂಟುಗಳು ಹೆಚ್ಚುಕಡಿಮೆ ಹಾಗೆಯೇ ಉಳಿದಿದ್ದವು. ಅಲ್ಲಿಯ ಹಿರಿಯ ಹೆಣ್ಣುಮಕ್ಕಳು ಉಡುವುದು ಉದ್ದನೆಯ ಕಚ್ಚೆ ಸೀರೆ. ನಾವು ಒಯ್ದವು ಅವರಿಗೆ ಎಟಕುವಂಥವಲ್ಲ. ಅದನ್ನೂ ಕೇಳಿಕೊಂಡು ಹೋಗಬೇಕಿತ್ತು.

1994ರ ಜನವರಿ 11ರಂದು ಎಳ್ಳಮಾವಾಸ್ಯೆ. ಕಲಬುರಗಿ, ಬೀದರ ಜಿಲ್ಲೆಗಳಂತೆಯೇ ಲಾತೂರ್, ಉಸ್ಮಾನಾಬಾದ್ ಸೀಮೆಯವರಿಗೂ ಇದು ದೊಡ್ಡ ಹಬ್ಬ. ಅವರು ಅದನ್ನು ವೇಳ ಅಮಾವಾಸ್ಯೆ ಎನ್ನುವರು. ಆ ತಾಯಿಯಿಂದ ನಮಗೆ ಕರೆ ಬಂದಿತ್ತು. ಈ ಬಾರಿ ವಿದ್ಯಾರ್ಥಿನಿಯರೂ ಹಿರಿಯರ ಒಪ್ಪಿಗೆ ಪಡೆದು ಬಂದರು. ಹೊಲಕ್ಕೆ ಹೋದಾಗ ಕಣ್ಣು ತುಂಬಿ ಬಂತು. ಎದೆಮಟ್ಟದ ಜೋಳ, ತೆನೆ ಹೊರಟಿತ್ತು. ಹೊಲದ ನಡುವೆ ಜೋಳದ ದಂಟಿನಿಂದ ಗೂಡು ಕಟ್ಟಿ ಪೂಜೆ ಮಾಡಿ, ಬಾಲಕನು ಚರಗ ಚೆಲ್ಲುತ್ತ ಹೊಲದ ಸುತ್ತ ನಡೆದನು. ಸಜ್ಜಿ ರೊಟ್ಟಿ, ಕಡಬು, ಹಲವು ಕಾಳು ಕಾಯಿಪಲ್ಲೆಗಳ ಭಜ್ಜಿ, ಮಡಕೆಯ ಅಂಬಲಿ ಸಿದ್ಧವಾಗಿದ್ದವು.

ನಾವು ಕೈಜೋಡಿಸಿ ಬಡಿಸಲು ಮುಂದಾದಾಗ ಆ ತಾಯಿ ತಡೆದರು. "ಅವತ್ತ ನೀವು ನಮ್ಮನ್ನ ಸಾಲಾಗಿ ನಿಲ್ಲಿಸಿದ್ರಿ. ಇವತ್ತ ನಾ ನಿಮ್ಮನ್ನ ಪಂಗ್ತ್ಯಾಗ ಕೂಡಿಸ್ತೀನಿ. ಕುಂದ್ರಿ ಮಾಸ್ತರ್ರ" ಎಂದು ನಕ್ಕರು. ರುಮಾಲಿನ ಹಿರಿಯರು ತಾವೇ ಅಂಬಲಿಯ ಮಡಕೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದರು. ನಿಂತು ಪಡೆಯುವುದಕ್ಕೂ ಕೂತು ಉಣ್ಣುವುದಕ್ಕೂ ಇರುವ ಅಂತರವು ಎಷ್ಟು ದೊಡ್ಡದೆಂಬುದು ಅಂದು ನಮಗೆ ಅರ್ಥವಾಯಿತು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಎಲ್ಲವನ್ನೂ ಕಳೆದುಕೊಂಡವರು ಮತ್ತೆ ನೀಡುವವರಾದ ದಿನವೇ ಆ ಊರು ನಿಜವಾಗಿ ಎದ್ದು ನಿಂತ ದಿನವೆಂದು ನಾವು ಎಣಿಸುತ್ತೇವೆ.

ಮುಂದಿನ ಪುನರ್ವಸತಿಯ ಕಾರ್ಯವು ಬಹು ದೊಡ್ಡದು. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರಕಾರವು 1994ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಪೂರ್ತಿ ನಾಶವಾದ 52 ಗ್ರಾಮಗಳನ್ನು ಹೊಸ ನಿವೇಶನಗಳಿಗೆ ಸ್ಥಳಾಂತರಿಸಲಾಯಿತು. ಭೂಹಿಡುವಳಿಗೆ ಅನುಸಾರವಾಗಿ 250, 400, 750 ಚದರಡಿಯ ಮನೆಗಳನ್ನು ಕೊಡಲಾಯಿತು. ಕೆಲವು ವರ್ಷಗಳ ನಂತರ ನಾವು ಹೋದಾಗ ಅಳತೆಪಟ್ಟಿ ಇಟ್ಟು ಎಳೆದಂಥ ಅಗಲವಾದ ರಸ್ತೆಗಳನ್ನು, ಒಂದೇ ಮಾದರಿಯ ಮನೆಗಳನ್ನು ಕಂಡೆವು. ಹಳೆಯ ಓಣಿ, ಕಟ್ಟೆ, ನೆರೆಮನೆಯ ಮಾತು ಇಲ್ಲವೆಂದು ವೃದ್ಧರು ಕೊರಗುತ್ತಿದ್ದರು. ಆದರೂ ನಿಶ್ಚಿಂತೆಯಿಂದ ನಿದ್ರೆ ಮಾಡುತ್ತಿದ್ದರು.

ಸ್ಥಳಾಂತರಗೊಳ್ಳದ ನೂರಾರು ಹಳ್ಳಿಗಳಲ್ಲಿ ಮನೆಗಳನ್ನು ಭದ್ರಪಡಿಸುವ ಹೊಣೆಯನ್ನು ಮನೆಯವರಿಗೇ ವಹಿಸಲಾಯಿತು. ಗೋಡೆಯ ಎರಡೂ ಪದರಗಳನ್ನು ಬೆಸೆಯುವ ಉದ್ದಕಲ್ಲು ಹಾಕುವುದು, ಮಾಳಿಗೆಯ ಮಣ್ಣಿನ ಭಾರ ಇಳಿಸುವುದು, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟುವುದು, ಇವುಗಳನ್ನು ಜನರಿಗೆ ತಿಳಿಸಿಕೊಡಲು ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮಾರ್ಗದರ್ಶನದಲ್ಲಿ ಹಳ್ಳಿಯ ಮಹಿಳೆಯರೇ 'ಸಂವಾದ ಸಹಾಯಕ'ರಾಗಿ ಮುಂದೆ ಬಂದರು. 2001ರ ಜನವರಿ 26ರಂದು ಗುಜರಾತಿನ ಕಚ್ಛ್ ನಡುಗಿದಾಗ ಲಾತೂರ್ ಸೀಮೆಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ನೊಂದವರಿಗೆ ತಮ್ಮ ಅನುಭವ ಹೇಳಿದರು. ಭೂಕಂಪದಲ್ಲಿ ನೊಂದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಪುಣೆಗೆ ಕರೆದೊಯ್ದು ಓದಿಸಿದ್ದನ್ನೂ ಇಲ್ಲಿ ಸ್ಮರಿಸಬೇಕು. ಸೇವೆಗೆ ಮತ, ಭಾಷೆಗಳ ಗಡಿಯಿಲ್ಲ.

ನಮ್ಮ ಮನೆಗಳವರು ಗಮನಿಸಬೇಕಾದ ಇನ್ನೊಂದು ಮಾತಿದೆ. 1993ಕ್ಕಿಂತ ಮೊದಲು ಕಿಲ್ಲಾರಿಯ ಸೀಮೆಯನ್ನು ಭೂಕಂಪದ ಭೀತಿ ಅತ್ಯಂತ ಕಡಿಮೆಯಿರುವ ಒಂದನೆಯ ವಲಯದಲ್ಲಿ ಗುರುತಿಸಲಾಗಿತ್ತು. 1992ರ ಅಕ್ಟೋಬರ್ ತಿಂಗಳಿನಲ್ಲಿಯೇ ಅಲ್ಲಿ ಲಘು ಕಂಪನಗಳು ಆಗಿದ್ದವು. ಜನರು ಹೆದರಿದ್ದರು, ಅನಂತರ ಮರೆತರು. 2002ರ ಪರಿಷ್ಕೃತ ನಕಾಶೆಯಲ್ಲಿ ಒಂದನೆಯ ವಲಯವನ್ನೇ ರದ್ದುಪಡಿಸಿ ಆ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ಅಂಥದೇ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ನಮ್ಮ ಭಾಗದ ಹಳ್ಳಿಗಳಲ್ಲಿಯೂ ಇವೆ. ಹಿರಿಯರ ಮನೆಯೆಂಬ ಅಭಿಮಾನ ಇರಲಿ. ಜೊತೆಗೆ ಬಲ್ಲ ಗೌಂಡಿಯನ್ನು ಕರೆಸಿ ಗೋಡೆಯನ್ನೊಮ್ಮೆ ತೋರಿಸುವುದೂ ಇರಲಿ.

ಆ ತಾಯಿ ಈಗಿಲ್ಲ. ಮೊಮ್ಮಗನು ಆ ಹೊಲವನ್ನೇ ಮಾಡಿಕೊಂಡಿದ್ದಾನೆ. ಹೊಸ ಊರಿನಲ್ಲಿ ಮನೆ, ಹಳೆಯ ನೆಲದಲ್ಲಿ ಬೇಸಾಯ. ಅಂದು ಕೂರಿಗೆ ಹಿಡಿದ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು, ಅಧಿಕಾರಿಗಳು, ರೈತರು. 2009ರಲ್ಲಿ ಉತ್ತರ ಕರ್ನಾಟಕಕ್ಕೆ ಮಹಾಪೂರ ಬಂದಾಗ ಅವರಲ್ಲೊಬ್ಬನು ತನ್ನ ಶಾಲೆಯ ಮಕ್ಕಳೊಡನೆ ಹೊರಡುವ ಮುನ್ನ ನಮಗೆ ಫೋನು ಮಾಡಿ, "ಸರ್, ಈ ಸಲ ಬಟ್ಟೆ ಕೂಡಿಸಿಲ್ಲ. ಮೊದಲು ನಾವಿಬ್ಬರು ಹೋಗಿ ಕೇಳಿಕೊಂಡು ಬರುತ್ತೇವೆ" ಎಂದನು. ನಮ್ಮ ಮೂರು ದಶಕಗಳ ಅಧ್ಯಾಪನದಲ್ಲಿ ಇದಕ್ಕಿಂತ ಹಿರಿದಾದ ಗುರುದಕ್ಷಿಣೆ ನಮಗೆ ದೊರೆತಿಲ್ಲ.

ತರುಣರಲ್ಲಿ ನಮ್ಮ ಅರಿಕೆ ಇಷ್ಟೇ. ಆಪತ್ತು ಬಂದ ಊರಿಗೆ ಅವಶ್ಯ ಹೋಗಿರಿ. ಹೋದೊಡನೆ ಕೊಡುವ ಮೊದಲು ಕೇಳಿರಿ. ನಿಮಗೆ ಬರುವ ಕೆಲಸವನ್ನು, ಅದು ಎಷ್ಟೇ ಸಣ್ಣದಿರಲಿ, ಮಾಡಿರಿ. ಎಲ್ಲರೂ ಮರೆತ ಮೇಲೆ ಎರಡನೆಯ ಸಲ ಹೋಗಿರಿ. ಆಗ ಅವರು ನೀಡಿದ್ದನ್ನು ಪಂಗ್ತಿಯಲ್ಲಿ ಕುಳಿತು, ಬೇಡವೆನ್ನದೆ ಉಂಡು ಬನ್ನಿರಿ.